ನಮ್ಮ ಜಾಹೀರಾತನ್ನು ನಮ್ಮವರೇ ಒತ್ತುವುದನ್ನು ನಿಷೇಧಿಸುವ ಬಗ್ಗೆ

ತಿಳಿನೀರು ಸಂಪು ಮತ್ತು ಟ್ಯಾಂಕ್ ಶುಚಿ ಸೇವೆ
ಆನ್‌ಲೈನ್ ಜಾಹೀರಾತು ವಿಭಾಗ (ಮಹಡಿ ಮೆಟ್ಟಿಲಿನ ಕೆಳಗೆ)
ಬಸವೇಶ್ವರನಗರ, ಬೆಂಗಳೂರು

ಸಂಖ್ಯೆ: ತಿನೀ/ಆಜಾವಿ/ಕ್ಲಿಕ್/೦೧/ತುರ್ತು/ಅತಿ ತುರ್ತು

ದಿನಾಂಕ: ಗೌರಿ ಹಬ್ಬದ ಹಿಂದಿನ ಸೋಮವಾರ

ಸುತ್ತೋಲೆ

ವಿಷಯ: ಸಂಸ್ಥೆಯ ಆನ್‌ಲೈನ್ ಜಾಹೀರಾತನ್ನು ಕುಟುಂಬದವರು, ನೆಂಟರು ಹಾಗೂ ಹಿತೈಷಿಗಳು ಪ್ರೀತಿಯಿಂದ ಕ್ಲಿಕ್ ಮಾಡಿ ಸಂಸ್ಥೆಯನ್ನು ಮುಳುಗಿಸುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: (೧) ಮಾಲೀಕರು ಊಟದ ತಟ್ಟೆಯ ಮುಂದೆ ಕುಳಿತು ಹೊರಡಿಸಿದ ಮೌಖಿಕ ಆದೇಶ.
(೨) ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬಂದ ಅಭಿನಂದನೆಗಳು. (ಎಣಿಸಲಾಗಿಲ್ಲ. ಎಣಿಸಲು ಕುಳಿತವರ ಕನ್ನಡಕದ ನಂಬರು ಬದಲಾಗಿರುತ್ತದೆ.)

ಪ್ರಸ್ತಾವನೆ:

ಮಾಗಡಿ ರಸ್ತೆಯಿಂದ ಮಂಗಳ ಗ್ರಹದವರೆಗೆ ಇಂಥ ಇನ್ನೊಂದು ವಿಭಾಗವಿಲ್ಲವೆಂದು ಈ ವಿಭಾಗವೇ ಖಚಿತಪಡಿಸಿರುತ್ತದೆ. ಇದರ ಮುಖ್ಯಸ್ಥರು ಶ್ರೀ ಗಿರಿರಾಜ್. ಸದರಿಯವರು ಸಂಸ್ಥೆಯ ಮಾಲೀಕರಾದ ಶ್ರೀ ಶಿವಬಸಪ್ಪನವರ ಅಳಿಯ ಎಂಬುದು ಕೇವಲ ಕಾಕತಾಳೀಯ. ಬೇರೆಯವರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಕಲಿಯುವ ಆನ್‌ಲೈನ್ ಜಾಹೀರಾತಿನ ವಿದ್ಯೆಯನ್ನು ಸದರಿಯವರು ವಿಜಯನಗರದ ಒಂದು ತರಬೇತಿ ಕೇಂದ್ರದ ಉಚಿತ ಡೆಮೊ ತರಗತಿಯಲ್ಲಿಯೇ ಸಂಪೂರ್ಣವಾಗಿ ಕಲಿತು, ಫೀಸು ಕೇಳುವ ಮೊದಲೇ ಪಾರಂಗತರಾಗಿ ಹೊರಬಂದರು. ಹೋದ ಮೇಲೆ ಅವರ ಕುರ್ಚಿಯನ್ನು ಕೇಂದ್ರದವರು ಯಾರಿಗೂ ಕೊಟ್ಟಿಲ್ಲವೆಂದು ತಿಳಿದುಬಂದಿದೆ.

ಯೋಜನೆಯ ಸ್ವರೂಪವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಸರಳವಾಗಿ ವಿವರಿಸಲಾಗಿದೆ. ಯಾರಾದರೂ ಮೊಬೈಲಿನಲ್ಲಿ ಸಂಪು ತೊಳೆಯುವವರನ್ನು ಹುಡುಕಿದರೆ ನಮ್ಮ ಹೆಸರು ಎಲ್ಲರಿಗಿಂತ ಮೇಲೆ ಕಾಣಿಸುತ್ತದೆ. ಕಾಣಿಸಿದ್ದಕ್ಕೆ ದುಡ್ಡಿಲ್ಲ. ಅದನ್ನು ಒತ್ತಿದರೆ ಮಾತ್ರ, ಒತ್ತಿದವರು ಗಿರಾಕಿಯಾಗಲಿ ಸೋದರತ್ತೆಯಾಗಲಿ, ಪ್ರತಿ ಕ್ಲಿಕ್ಕಿಗೂ ನಮ್ಮ ದುಡ್ಡು ಹೋಗುತ್ತದೆ. ದಿನಕ್ಕೆಂದು ತೆಗೆದಿಟ್ಟ ದುಡ್ಡು ಮುಗಿದ ಕೂಡಲೇ ನಮ್ಮ ಹೆಸರು ಮರುದಿನದವರೆಗೆ ಮಾಯವಾಗುತ್ತದೆ.

ಜಾಹೀರಾತು ಶುರುವಾದ ದಿನವೇ ಕ್ಲಿಕ್ಕುಗಳು ಜೋಗದ ನೀರಿನಂತೆ ಧುಮ್ಮಿಕ್ಕಿದವು. ಮುಖ್ಯಸ್ಥರು ಈ ದಿಗ್ವಿಜಯವನ್ನು ಕುಟುಂಬದ ಗುಂಪಿನಲ್ಲಿ ಪ್ರಕಟಿಸಿದರು. ಮಾಲೀಕರು ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ಆದರೆ ಫೋನು ಮಾತ್ರ ಬಾಯಿ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಆಫೀಸಿನ ಫೋನಿಗೆ ಜೇಡ ಬಲೆ ಕಟ್ಟಿ, ಅದರಲ್ಲಿಯೇ ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಕಂಡಿತು.

ಹಬ್ಬಕ್ಕೆ ಮುಂಚೆ ಊರಿಗೆ ಊರೇ ಸಂಪು ತೊಳೆಸುವ ಕಾಲದಲ್ಲಿ ಹೀಗಾದದ್ದರಿಂದ ಮಾಲೀಕರು ಉಲ್ಲೇಖ (೧)ರ ಆದೇಶ ಹೊರಡಿಸಿದರು. ಅದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಗಣೇಶನ ಹಬ್ಬದೊಳಗೆ ನೆಟ್ಟಿಂದ ಒಬ್ಬ ಹೊಸ ಗಿರಾಕಿ ಬರ್ಲಿಲ್ಲ ಅಂದ್ರೆ ಎರಡನೇ ಗಾಡಿ ಮಾರ್ಬಿಡೋಣ ಗಿರಿರಾಜ್. ಸುಮ್ನೆ ನಿಂತಿರೋ ಗಾಡಿ ನೋಡಿದ್ರೆ ನಂಗೆ ಅನ್ನ ಇಳಿಯಲ್ಲ. ಹೆಗ್ಗನಹಳ್ಳಿಯವರು ಒಬ್ರು ಕೇಳ್ತಾ ಇದಾರೆ."

ಎರಡನೇ ಗಾಡಿ ಎಂದರೆ ಪಂಪು, ಪೈಪು ಹೊತ್ತ ಗೂಡ್ಸ್ ಆಟೋ. ಅದನ್ನು ಓಡಿಸುವ ಶ್ರೀ ಮಹದೇವ್ ಅವರ ಕೆಲಸವೂ ಅದರ ಜೊತೆಯಲ್ಲೇ ಹೋಗುತ್ತದೆ. ಖರೀದಿದಾರರಿಗೆ ಇಷ್ಟವಾಗದಿರಲೆಂದು ಮಹದೇವ್ ಅವರು ಗಾಡಿ ತೊಳೆಯುವುದನ್ನೇ ನಿಲ್ಲಿಸಿದರು. ಖರೀದಿದಾರರು ಬಂದು ಟೈರಿಗೆ ಒದ್ದು ನೋಡಿ, "ಕೆಲ್ಸದ್ ಗಾಡಿ ಗಲೀಜಾಗಿದ್ರೇನೇ ಲಕ್ಷಣ ಕಣಪ್ಪಾ" ಎಂದು ಇನ್ನಷ್ಟು ಮೆಚ್ಚಿಕೊಂಡು ಹೋಗಿರುತ್ತಾರೆ.

ತನಿಖೆಯ ವರದಿ:

ಮುಖ್ಯಸ್ಥರು ಕ್ಲಿಕ್ಕುಗಳು ಎಲ್ಲಿಂದ, ಯಾವ ಹೊತ್ತಿನಲ್ಲಿ ಬರುತ್ತಿವೆ ಎಂಬುದನ್ನು ಪರಿಶೀಲಿಸಿದಾಗ, ಬಹುಪಾಲು ಕ್ಲಿಕ್ಕುಗಳು ಕಾಗೆ ಏಳುವ ಮುಂಚೆಯೇ ಬಸವೇಶ್ವರನಗರ, ಕೆಂಗೇರಿ ಹಾಗೂ ರಾಣೆಬೆನ್ನೂರಿನಿಂದ ಬಂದಿದ್ದವು. ರಾಣೆಬೆನ್ನೂರಿನ ಸಂಪು ತೊಳೆಯಲು ನಮ್ಮ ಗಾಡಿ ಹೋಗುವುದಿಲ್ಲ. ಅದು ಮಾಲೀಕರ ಧರ್ಮಪತ್ನಿ ಶ್ರೀಮತಿ ಗಿರಿಜಾದೇವಿಯವರ ತವರು ಮಾತ್ರ.

ವಿಚಾರಣೆಯಲ್ಲಿ ಶ್ರೀಮತಿ ಗಿರಿಜಾದೇವಿಯವರು ನೀಡಿದ ಹೇಳಿಕೆ: "ದಿನಾ ಮುಂಜಾನೆ ದೀಪಾ ಹಚ್ಚಿ, ನಮ್ದು ಮ್ಯಾಲ ಬಂದೈತೋ ಇಲ್ಲೋ ಅಂತ ಒತ್ತಿ ನೋಡ್ತೀನ್ರೀ. ಅಂಗಡಿ ಬಾಗ್ಲಾ ತೆಗದಂಗ ಅದು. ಊರಾಗಿನ ತಂಗ್ಯಾರಿಗೂ ಹೇಳೀನಿ, ಅವ್ರೂ ಒತ್ತತಾರ. ಯಾರೂ ಒತ್ತದ ಹಂಗ ಬಿಟ್ರ ಪಾಪ, ನಿಮ್ ಮಾವಾರ ಮನಸ್ಸಿಗೆ ಎಷ್ಟು ಬ್ಯಾಸರಾ ಆಗ್ತೈತಿ?"

ಮಾಲೀಕರ ತಮ್ಮನವರಾದ, ಕೆಂಗೇರಿ ವಾಸಿ ಶ್ರೀ ಚನ್ನವೀರೇಶ್ ಅವರ ಹೇಳಿಕೆ: "ಅಣ್ಣನ ಬಿಸಿನೆಸ್ಸಿಗೆ ಅಷ್ಟೂ ಮಾಡ್ಬಾರ್ದೇನ್ರೀ ಅಳಿಯಂದ್ರೇ? ವಾಕಿಂಗ್ ಬರೋರ ಕೈಲೆಲ್ಲಾ ಒತ್ತಿಸ್ತಾ ಇದೀನಿ. ಪಾರ್ಕಲ್ಲಿ ಒಬ್ರನ್ನೂ ಬಿಟ್ಟಿಲ್ಲ. ವಾಚ್‌ಮ್ಯಾನ್ ಹತ್ರ ಸ್ಮಾರ್ಟ್ ಫೋನ್ ಇರ್ಲಿಲ್ಲ, ನಂದೇ ಕೊಟ್ಟು ಒತ್ತಿಸ್ದೆ!"

ಒಂದೇ ಕೈ ಸುಮ್ಮನೆ ಮತ್ತೆ ಮತ್ತೆ ಒತ್ತಿದರೆ ಜಾಹೀರಾತು ಕಂಪನಿಯವರು ಅಂಥ ಕೆಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ನಿಜ. ಆದರೆ ನಮ್ಮ ಕುಟುಂಬಕ್ಕೆ ಇರುವುದು ಒಂದೇ ಕೈಯಲ್ಲ. ನಮ್ಮ ಮದುವೆಯೊಂದರ ಗ್ರೂಪ್ ಫೋಟೋ ತೆಗೆಯಲು ಫೋಟೋಗ್ರಾಫರ್ ಹಿಂದೆ ಹಿಂದೆ ನಡೆದು ನಾಯಂಡಹಳ್ಳಿ ದಾಟಿದ್ದು ಇತಿಹಾಸ. ಹೀಗಾಗಿ ನಿಜವಾದ ಗಿರಾಕಿ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಆ ದಿನದ ದುಡ್ಡೆಲ್ಲ ಪ್ರೀತಿಗೇ ಖರ್ಚಾಗಿರುತ್ತಿತ್ತು.

ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ನಿನ್ನೆ ಸಂಜೆಯಿಂದಲೇ ಬಾಯಿಮಾತಿನಲ್ಲಿ ಜಾರಿಗೊಳಿಸಿದ್ದು, ಈ ಮೂಲಕ ಬರಹದಲ್ಲಿಯೂ ತಿಳಿಯಪಡಿಸಲಾಗಿದೆ:

೧. ಕುಟುಂಬದ ಯಾವುದೇ ಸದಸ್ಯರು ಸಂಸ್ಥೆಯ ಜಾಹೀರಾತನ್ನು ಒತ್ತತಕ್ಕದ್ದಲ್ಲ. 'ಕುಟುಂಬ' ಎಂದರೆ ನಮ್ಮ ಮನೆಯ ಯಾವುದಾದರೂ ಶುಭಕಾರ್ಯದಲ್ಲಿ ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡವರೆಲ್ಲರೂ. ಜಾಹೀರಾತು ಅಕಸ್ಮಾತ್ ಕಣ್ಣಿಗೆ ಬಿದ್ದಲ್ಲಿ, ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ ಹೆಮ್ಮೆ ಪಡಲು ಅನುಮತಿ ಇದೆ.

೨. ಒತ್ತದೆ ಇರಲು ಆಗುವುದೇ ಇಲ್ಲ ಎನ್ನುವ ಹೆಬ್ಬೆರಳುಗಳಿಗಾಗಿ ಮಾಲೀಕರ ಮನೆಯ ಕಾಲಿಂಗ್ ಬೆಲ್ ಅನ್ನು ಮುಕ್ತಗೊಳಿಸಲಾಗಿದೆ. ಅದನ್ನು ಎಷ್ಟು ಸಲ ಒತ್ತಿದರೂ ದುಡ್ಡು ಹೋಗುವುದಿಲ್ಲ. ಪಾರ್ಕಿನಿಂದ ಕರೆತಂದವರು ಸಾಲಿನಲ್ಲಿ ನಿಲ್ಲತಕ್ಕದ್ದು. ಬೆಲ್ಲಿಗೆ ಕುಂಕುಮ ಹಚ್ಚತಕ್ಕದ್ದಲ್ಲ, ಶಾಕ್ ಹೊಡೆಯುತ್ತದೆ.

೩. ಜಾಹೀರಾತಿನ ತಲೆಸಾಲಿಗೆ ಕಂಪನಿಯವರು ಕೊಡುವ ಜಾಗ ಅಂಗೈಯಗಲವೂ ಇಲ್ಲ. ಅದರಲ್ಲಿ ಇದುವರೆಗೆ "ಶ್ರೀ ಗುರು ಬಸವಲಿಂಗಾಯ ನಮಃ" ಎಂದು ಹಾಕಲಾಗಿ, ಸಂಪಿನ ವಿಷಯಕ್ಕೆ ಜಾಗವೇ ಉಳಿದಿರಲಿಲ್ಲ. ಇನ್ನು ಮುಂದೆ ತಲೆಸಾಲಿನಲ್ಲಿ "ಇವತ್ತೇ ಸಂಪು ಶುಚಿ" ಎಂದಿರತಕ್ಕದ್ದು. ಪ್ರಾರ್ಥನೆಯನ್ನು ಮುಖ್ಯಸ್ಥರು ಜಾಹೀರಾತು ಶುರು ಮಾಡುವ ಬಟನ್ ಒತ್ತುವ ಮುನ್ನ ಇಡೀ ಬೀದಿಗೆ ಕೇಳುವಂತೆ ಬಾಯಿಬಿಟ್ಟು ಹೇಳತಕ್ಕದ್ದು.

೪. ಮುಖ್ಯಸ್ಥರು ತಮ್ಮ ವಿಶಾಲ ಹೃದಯದ ಕಾರಣ ಜಾಹೀರಾತಿನ ವ್ಯಾಪ್ತಿಯನ್ನು ಇಡೀ ಭಾರತ ಎಂದು ಆರಿಸಿದ್ದು ಸರಿಯಷ್ಟೆ. ಅದನ್ನು ರಾಜಾಜಿನಗರದಿಂದ ಕೆಂಗೇರಿ, ಉಲ್ಲಾಳದವರೆಗೆ ಎಂದು ಮೊಟಕುಗೊಳಿಸಲಾಗಿದೆ. ಅಂಡಮಾನಿನ ಜನತೆ ಮನ್ನಿಸಬೇಕು.

೫. ಮೀನಿನ ಟ್ಯಾಂಕು, ಬೈಕಿನ ಪೆಟ್ರೋಲ್ ಟ್ಯಾಂಕು ತೊಳೆಯುವವರನ್ನು ಹುಡುಕುವವರಿಗೂ ನಮ್ಮ ಹೆಸರು ಕಾಣಿಸುತ್ತಿತ್ತು. ಅಂಥ ಪದಗಳನ್ನು ಹುಡುಕಿದರೆ ನಮ್ಮ ಹೆಸರು ಕಾಣಿಸದಂತೆ, ಅವನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಲಾಗಿದೆ. ಸೈನ್ಯದ ಟ್ಯಾಂಕನ್ನು ತೊಳೆಯಲು ವಿಭಾಗಕ್ಕೆ ಪೂರ್ಣ ಸಾಮರ್ಥ್ಯವಿದ್ದರೂ, ನಮ್ಮ ಬೀದಿಯಲ್ಲಿ ಅದು ರಿವರ್ಸ್ ತೆಗೆಯಲು ಜಾಗವಿಲ್ಲದ ಕಾರಣ ಅದನ್ನೂ ಸೇರಿಸಲಾಗಿದೆ.

೬. ಪ್ರತಿಸ್ಪರ್ಧಿ ಸಂಸ್ಥೆಗಳ ಜಾಹೀರಾತನ್ನು ಒತ್ತಿ ಅವರ ದುಡ್ಡು ಕಳೆಯುವುದು ಕಳ್ಳತನಕ್ಕೆ ಸಮ, ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಈ ಸಂಬಂಧ ಶ್ರೀ ಚನ್ನವೀರೇಶ್ ಅವರ ಪ್ರಕರಣವನ್ನು ಸಮಸ್ತರ ಎಚ್ಚರಿಕೆಗಾಗಿ ಪ್ರಕಟಿಸಲಾಗಿದೆ. ತಮ್ಮ ಕ್ಲಿಕ್ಕುಗಳಿಂದ ಅಣ್ಣನಿಗೇ ನಷ್ಟವಾಗಿದೆಯೆಂದು ತಿಳಿದ ಸದರಿಯವರು ಪ್ರಾಯಶ್ಚಿತ್ತವಾಗಿ, ಎದುರಾಳಿಯೊಬ್ಬರನ್ನು ಮಣ್ಣು ಮುಕ್ಕಿಸುವ ಶಪಥ ಮಾಡಿ ಅವರ ಜಾಹೀರಾತನ್ನು ಒತ್ತಿದರು. ಒತ್ತಿದ ಮೇಲೆ ತಮ್ಮ ಮನೆಯ ಸಂಪನ್ನು ಅವರಿಂದಲೇ ತೊಳೆಸಿಕೊಂಡರು. ತೊಳೆದವರಿಗೆ ಉಪ್ಪಿಟ್ಟು ಕೊಟ್ಟು, ಅವರ ಜೊತೆ ಫೋಟೋ ತೆಗೆಸಿಕೊಂಡು, ನೆಟ್ಟಿನಲ್ಲಿ ಅವರಿಗೆ ಐದೂ ನಕ್ಷತ್ರ ಕೊಟ್ಟಿರುತ್ತಾರೆ. ಸಮಜಾಯಿಷಿ: "ಏನ್ ಮಾಡ್ಲಿ? ಒತ್ತಿದ್ ತಕ್ಷಣ ಮೇಲೇ ಫೋನ್ ನಂಬರ್ ಬಂತು. ಕೈ ತಾಗ್ತು, ಕಾಲ್ ಹೋಯ್ತು. ಆ ಹುಡುಗಿ 'ಹೇಳಿ ಸಾರ್' ಅಂತ ಎಷ್ಟು ಮರ್ಯಾದೆಯಾಗಿ ಮಾತಾಡಿದ್ಲು ಗೊತ್ತಾ! ಬೈಯೋಕೆ ಬಾಯೇ ಬರ್ಲಿಲ್ಲ."

೭. ಮೇಲ್ಕಂಡ ಪ್ರಕರಣದಿಂದ ವಿಭಾಗಕ್ಕೆ ಜ್ಞಾನೋದಯವಾಗಿದ್ದು, ನಮ್ಮ ವೆಬ್‌ಸೈಟನ್ನೂ ಪರಿಶೀಲಿಸಲಾಯಿತು. ಅದರಲ್ಲಿ ಮೊದಲು ಮಾಲೀಕರ ತಾತನವರ ಭಾವಚಿತ್ರ, ನಂತರ ಹಾರ ಹಾಕಿಸಿಕೊಂಡ ಮಾಲೀಕರು, ನಂತರ ಮೊದಲನೇ ಗಾಡಿಯ ಪೂಜೆ, ನಂತರ ಪೂಜೆಗೆ ಬಂದವರು, ಬೆರಳು ಸವೆಯುವಷ್ಟು ಕೆಳಗೆ ಹೋದ ಮೇಲೆ ಫೋನ್ ನಂಬರು ಇದ್ದವು. ಸಂಪಿನಲ್ಲಿ ಹುಳು ತೇಲುತ್ತಿರುವ ಗಿರಾಕಿಗೆ ಅಷ್ಟು ವಂಶಾವಳಿಯ ಅಗತ್ಯವಿರುವುದಿಲ್ಲ. ಫೋನ್ ನಂಬರನ್ನು ಎಲ್ಲಕ್ಕಿಂತ ಮೇಲೆ, ಕನ್ನಡಕವಿಲ್ಲದವರಿಗೂ ಕಾಣುವಂತೆ ಏರಿಸಲಾಗಿದೆ. "ತಾತನ್ನ ಕೆಳಗಿಳಿಸ್ತೀಯೇನಯ್ಯಾ?" ಎಂಬ ಮಾಲೀಕರ ಆಕ್ಷೇಪಣೆಗೆ, "ಇಳಿಸ್ತಾ ಇಲ್ಲ ಮಾವ, ಎಲ್ರನ್ನೂ ಹೊತ್ಕೊಂಡು ತಳಪಾಯದಲ್ಲಿ ಇರ್ತಾರೆ" ಎಂದು ಮುಖ್ಯಸ್ಥರು ನೀಡಿದ ಉತ್ತರವನ್ನು ಮಾಲೀಕರು ಎರಡು ಲೋಟ ಕಾಫಿಯ ನಂತರ ಅಂಗೀಕರಿಸಿರುತ್ತಾರೆ.

೮. ಜಾಹೀರಾತು ಮುಂಜಾನೆ ಮಲಗಿರತಕ್ಕದ್ದು. ಮಹದೇವ್ ಅವರು ತಿಂಡಿ ಮುಗಿಸಿ ಕೈ ತೊಳೆದ ನಂತರವೇ ಅದು ಏಳತಕ್ಕದ್ದು. ಫೋನು ಬಂದಾಗ ಹೊರಡಲು ಗಾಡಿ ಸಿದ್ಧವಿಲ್ಲದಿದ್ದರೆ ಮೇಲೆ ಕಾಣಿಸಿಕೊಂಡು ಪ್ರಯೋಜನವಿಲ್ಲ.

೯. ಇನ್ನು ಮುಂದೆ ಗೆಲುವನ್ನು ಕ್ಲಿಕ್ಕುಗಳಿಂದಲ್ಲ, ಅಪರಿಚಿತರ ಫೋನುಗಳಿಂದ ಮಾತ್ರ ಅಳೆಯತಕ್ಕದ್ದು. ಫೋನು ಮಾಡಿ "ಯಾಕೋ ಧ್ವನಿ ಒಂಥರಾ ಇದೆ, ಹುಷಾರಾಗಿದೀಯಾ?" ಎಂದು ಕೇಳುವವರನ್ನು ಅಪರಿಚಿತರೆಂದು ಪರಿಗಣಿಸಲಾಗುವುದಿಲ್ಲ.

ಸಹಿಗೆ ಮುನ್ನ ಸೇರ್ಪಡೆ:

ಈ ಸುತ್ತೋಲೆಯ ಕರಡು ಸಿದ್ಧವಾಗುತ್ತಿದ್ದಾಗ, ಅಂದರೆ ಇದೇ ದಿನ ಮಧ್ಯಾಹ್ನ, ಆಫೀಸಿನ ಫೋನು ರಿಂಗಣಿಸಿತು. ಮೊದಲನೇ ಗಾಡಿ ಹಳೆಯ ಗಿರಾಕಿಯೊಬ್ಬರ ಕೆಲಸಕ್ಕೆಂದು ರಾಜಾಜಿನಗರಕ್ಕೆ ಹೋಗಿತ್ತು. ಎರಡನೇ ಗಾಡಿ ಗೇಟಿನ ಒಳಗಿತ್ತು. ಹೆಗ್ಗನಹಳ್ಳಿಯ ಖರೀದಿದಾರರು ಮುಂಗಡ ಹಿಡಿದುಕೊಂಡು ಅದರ ಪಕ್ಕದಲ್ಲಿಯೇ ನಿಂತಿದ್ದರು. ಮಾಲೀಕರೇ ಫೋನು ಎತ್ತಿದರು. ಸಂಭಾಷಣೆಯನ್ನು ಸ್ಪೀಕರಿನಲ್ಲಿ ಕೇಳಿ ದಾಖಲಿಸಲಾಗಿದೆ:

"ಸಾರ್, ಉಲ್ಲಾಳದಿಂದ ಅಂಬುಜಾ ಅಂತ. ಮೂರು ಬಾಡಿಗೆ ಮನೆ ಇದೆ, ಸಂಪು ವಾಸನೆ. ಇವತ್ತೇ ಬರ್ತೀರಾ?"

"ಬರ್ತೀವಮ್ಮ... ನಮ್ ನಂಬರ್ ಯಾರ್ ಕೊಟ್ರು ನಿಮ್ಗೆ?"

"ಯಾರೂ ಕೊಟ್ಟಿಲ್ಲ ಸಾರ್. ನೆಟ್ಟಲ್ಲಿ ಹುಡುಕ್ದೆ, ನಿಮ್ದೇ ಮೊದ್ಲು ಬಂತು."

"ಚನ್ನವೀರೇಶ್ ಕಡೆಯವರಾ? ಪಾರ್ಕು?"

"ಯಾವ್ ಪಾರ್ಕು? ಯಾವ್ ಚನ್ನವೀರೇಶ್? ನಂಗೆ ನಿಮ್ಮವ್ರು ಯಾರೂ ಗೊತ್ತಿಲ್ಲ ಸಾರ್. ಬರ್ತೀರೋ, ಬೇರೆಯವ್ರಿಗೆ ಮಾಡ್ಲೋ?"

ಮಾಲೀಕರು ಫೋನನ್ನು ಎದೆಗೆ ಒತ್ತಿಕೊಂಡರು. ಕಣ್ಣು ತುಂಬಿ ಬಂದಿತ್ತು. "ಗಿರಿರಾಜಾ, ಈ ಯಮ್ಮಂಗೆ ನಾನ್ ಯಾರು ಅಂತ್ಲೇ ಗೊತ್ತಿಲ್ಲ ಕಣಯ್ಯಾ!" ಎಂದು ಮನೆಯೇ ಅದುರುವಂತೆ ಕೂಗಿದರು. ಆ ಕೂಗಿಗೆ ಮೆಟ್ರೋ ಒಂದು ಕ್ಷಣ ನಿಂತು ಮುಂದೆ ಹೋಯಿತೆಂದು ವಿಭಾಗ ನಂಬಿದೆ. ಮಹದೇವ್ ಅವರು ಆಗಲೇ ಗಾಡಿ ಚಾಲೂ ಮಾಡಿದ್ದರು. "ಅಣ್ಣಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅರ್ಜೆಂಟ್ ಕೆಲ್ಸ ಇದೆ" ಎಂದು ಖರೀದಿದಾರರಿಗೆ ಹೇಳಿ ಹೊರಟರು. ಗಾಡಿ ಮಾರುವ ಪ್ರಸ್ತಾವವನ್ನು ಮಾಲೀಕರು ನಿಂತಲ್ಲಿಯೇ ರದ್ದುಪಡಿಸಿರುತ್ತಾರೆ.

ಸಹಿ/-
(ಗಿರಿರಾಜ್)
ಮುಖ್ಯಸ್ಥರು, ಉಪಮುಖ್ಯಸ್ಥರು (ಪ್ರಭಾರ), ತನಿಖಾಧಿಕಾರಿ, ಬೆರಳಚ್ಚುಗಾರರು ಹಾಗೂ ಸಮಸ್ತ ಸಿಬ್ಬಂದಿ

ಪ್ರತಿಗಳು:

೧. ಮಾಲೀಕರಿಗೆ, ಊಟದ ನಂತರ ಅವಗಾಹನೆಗಾಗಿ.
೨. ಶ್ರೀಮತಿ ಗಿರಿಜಾದೇವಿಯವರಿಗೆ ಹಾಗೂ ಅವರ ಮೂಲಕ ರಾಣೆಬೆನ್ನೂರಿನ ಸಮಸ್ತ ತಂಗಿಯಂದಿರಿಗೆ, ಸೂಕ್ತ ಸಂಯಮಕ್ಕಾಗಿ.
೩. ಶ್ರೀ ಚನ್ನವೀರೇಶ್ ಅವರಿಗೆ, ಕಾಗದದಲ್ಲಿ ಮಾತ್ರ. ಇವರಿಗೆ ಮೊಬೈಲಿನಲ್ಲಿ ಏನನ್ನೂ ಕಳುಹಿಸತಕ್ಕದ್ದಲ್ಲ.
೪. ಕೆಂಗೇರಿ ಪಾರ್ಕಿನ ವಾಚ್‌ಮ್ಯಾನ್ ಅವರಿಗೆ, ಕ್ಷಮಾಪಣೆಯೊಂದಿಗೆ.
೫. ಶ್ರೀ ಮಹದೇವ್ ಅವರಿಗೆ, ಗಾಡಿ ತೊಳೆಯುವ ಬಗ್ಗೆ.
೬. ಹೆಗ್ಗನಹಳ್ಳಿಯ ಖರೀದಿದಾರರಿಗೆ, ಗಾಡಿ ಉಲ್ಲಾಳದಲ್ಲಿದ್ದು ಇನ್ನು ಕಾಯಬೇಕಾಗಿಲ್ಲ ಎಂಬ ಮಾಹಿತಿಗಾಗಿ. ಹೋಗುವಾಗ ಗೇಟು ಹಾಕಿಕೊಂಡು ಹೋಗತಕ್ಕದ್ದು.