ಕೌದಿ ಹಾಸಿದ ದೇಶ

ಎಣ್ಣೆ ಹಚ್ಚಿದ ಮರದ ನೆಲದ ವಾಸನೆ, ಅದಕ್ಕೆ ಬೆರೆತ ಸೀಮೆಸುಣ್ಣದ ಪುಡಿಯ ಘಾಟು. ದೇಶ ಅಂದರೆ ಎಲ್ಬರ್ಟ್ ವಾಡ್ಲಿಗೆ ಮೊದಲು ನೆನಪಾಗುತ್ತಿದ್ದುದು ಅದೇ. ಪುಟ್ಟ ಹುಡುಗನಾಗಿದ್ದಾಗ ಊರ ಶಾಲೆಯ ಭೂಪಟದ ಕೆಳಗೆ ನಿಂತು, ಇಷ್ಟು ದೊಡ್ಡ ದೇಶ ಎಲ್ಲಿಂದ ಬಂತು ಎಂದು ಕೇಳಿದ್ದ. ಅದೇ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಆ ಪ್ರಶ್ನೆಗೆ ಉತ್ತರ ಹೇಳುವುದನ್ನು ಬಿಟ್ಟಿರಲಿಲ್ಲ. ಕೇಳುವವರು ಮಾತ್ರ ನಿದ್ದೆ ಹೋಗುತ್ತಿದ್ದರು.

"ಈ ಸಲದ ವಾರ್ಷಿಕ ಭಾಷಣಕ್ಕೂ ಜನ ತೂಕಡಿಸಿದ್ರೆ, ಮುಂದಿನ ವರ್ಷದಿಂದ ಅದು ಹಲ್ಲಿನ ಡಾಕ್ಟರದ್ದು," ಎಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಆ ಊರಿನ ಇತಿಹಾಸ ಸಂಘದ ಅಧ್ಯಕ್ಷೆ ಹೆಸ್ಟರ್ ಕಿಂಬಾಲ್ ಹೇಳಿಬಿಟ್ಟಿದ್ದರು. "ಅವರು ಹಲ್ಲಿನ ಚಿತ್ರನಾದ್ರೂ ತೋರಿಸ್ತಾರೆ."

ಎಲ್ಬರ್ಟ್ ಹಲ್ಲು ಕಚ್ಚಿ ನಿರ್ಧರಿಸಿದ. ಈ ಸಲ ಇಡೀ ದೇಶವನ್ನೇ ಸಭಾಂಗಣದ ನೆಲದ ಮೇಲೆ ಹಾಸಿ ತೋರಿಸುತ್ತೇನೆ!

ಭಾಷಣದ ದಿನ ಬೆಳಗ್ಗೆ ತನ್ನ ಕೌದಿಯನ್ನು ಪೂರ್ವದ ಗೋಡೆಗೆ ಒತ್ತಿ ಹಾಸಿದ. ಅದು ದೇಶ ಹುಟ್ಟಿದಾಗಿನ ಮೊದಲ ಹದಿಮೂರು ರಾಜ್ಯ. ಪರರ ಜಗಳಕ್ಕೆ ಹೋಗದೆ ತಮ್ಮ ಪಾಡಿಗೆ ತಾವಿರಬೇಕೆಂದುಕೊಂಡ ಕಾಲ. ಆದರೆ ಅಷ್ಟು ದೊಡ್ಡ ಕೋಣೆಯಲ್ಲಿ ಅದು ಎಲೆ ತುದಿಯ ಉಪ್ಪಿನಂತೆ ಕಂಡಿತು.

ಹೆಸ್ಟರ್ ಮನೆಗೆ ಓಡಿದ. ಒಂದು ಬಾಟಲಿ ಮೇಪಲ್ ಮರದ ಸಿಹಿ ಪಾಕ ಕೊಟ್ಟದ್ದಕ್ಕೆ ಅವರ ಮಂಚದ ಹಸಿರು ಹೊದಿಕೆ ಸಿಕ್ಕಿತು.

"ಫ್ರೆಂಚರು ಲೂಯಿಸಿಯಾನಾ ಸೀಮೆನ ನಮ್ಗೆ ಹೀಗೇ ಅಗ್ಗಕ್ಕೆ ಕೊಟ್ಟುಬಿಟ್ರು," ಎಂದ ಎಲ್ಬರ್ಟ್.

"ಅವರು ಕೊಟ್ಟೇಬಿಟ್ರು. ನಾನು ಒಂದು ದಿನದ ಮಟ್ಟಿಗೆ ಕೊಡ್ತಿರೋದು, ನೆನಪಿರ್ಲಿ."

ಮುಂದೆ ಮೆಕ್ಸಿಕೋದ ಸರದಿ. ಪಕ್ಕದ ಮನೆಯ ಅರ್ಮಾನ್ ಪೆಲ್ಟಿಯೆಯ ಬಾಗಿಲು ತಟ್ಟಿದ. ಯಾರೂ ಇರಲಿಲ್ಲ. ಹಿತ್ತಿಲ ಹಗ್ಗದ ಮೇಲೆ ಎರಡು ಉಣ್ಣೆಯ ಕಂಬಳಿ ಬಿಸಿಲು ಕಾಯುತ್ತಿದ್ದವು. ಎಲ್ಬರ್ಟ್ ಆಚೀಚೆ ನೋಡಿ ಎಳೆದುಕೊಂಡ. ಮೆಕ್ಸಿಕೋದ ಅರ್ಧ ನೆಲ ನಮಗೆ ದಕ್ಕಿದ್ದೂ ಯುದ್ಧ ಮಾಡಿ ಕಿತ್ತುಕೊಂಡೇ ಅಲ್ಲವೆ ಎಂದು ಸಮಾಧಾನ ಹೇಳಿಕೊಂಡ. ಆ ಪಾಠ ಮಾಡುವಾಗೆಲ್ಲ ತಾನೇ ತಲೆ ತಗ್ಗಿಸುತ್ತಿದ್ದುದು ನೆನಪಾಗಿ ಕಿವಿ ಬಿಸಿಯಾಯಿತು. ಕಂಬಳಿ ಮಾತ್ರ ಕಂಕುಳಲ್ಲೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ರುಚಿ ಹತ್ತಿತ್ತು. "ಕೊಡ್ತೀರಾ?" ಎನ್ನುತ್ತಿದ್ದವನು "ಎಲ್ಲಿಟ್ಟಿದೀರಿ?" ಎನ್ನತೊಡಗಿದ. ಯಾರದೋ ಬಿಳಿ ಹಾಸು ಅಲಾಸ್ಕಾ ಆಯಿತು. ಮೈ ಒರೆಸುವ ಟವೆಲುಗಳು ಹವಾಯಿ, ಫಿಲಿಪೀನ್ಸ್ ಆಗಿ ಕುರ್ಚಿಗಳ ನಡುವೆ ತೇಲಿದವು. ಕೊನೆಗೆ ಮಹಾಯುದ್ಧಗಳ ನಂತರದ ಕಾಲಕ್ಕೆಂದು ಪ್ರತಿ ಕುರ್ಚಿಯ ಕೆಳಗೂ ಒಂದೊಂದು ಕರವಸ್ತ್ರ ಹರಡಿದ.

ಸಿದ್ಧತೆ ನೋಡಲು ಬಂದ ಹೆಸ್ಟರ್ ಕುರ್ಚಿಯಲ್ಲಿ ಕೂರುತ್ತಲೇ ಹೌಹಾರಿದರು. "ಇದೇನ್ರೀ, ನನ್ನ ಕಾಲಡಿಗೂ ಬಂದ್ರಾ?"

"ಅದು ನಮ್ಮ ಸೈನ್ಯದ ನೆಲೆ. ನಿಮ್ಮ ರಕ್ಷಣೆಗೆ."

"ನಾನು ಕೇಳಿದ್ನಾ?"

ಸಂಜೆ ಸಭಾಂಗಣ ಕಿಕ್ಕಿರಿಯಿತು. ಬಾಗಿಲಲ್ಲೂ ಜನ ನಿಂತಿದ್ದರು. ಎಲ್ಬರ್ಟನ ಎದೆ ಪೂರಿಯಂತೆ ಉಬ್ಬಿತು. ಒಬ್ಬರೂ ಆಕಳಿಸಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೇ ನೆಟ್ಟಿತ್ತು. ಅವನು ಲೂಯಿಸಿಯಾನಾ ದಾಟಿ ಮೆಕ್ಸಿಕೋಗೆ ಬರುವಷ್ಟರಲ್ಲಿ ಅರ್ಮಾನ್ ಎದ್ದು ನಿಂತ.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಮೆಕ್ಸಿಕೋ ವಾಪಸ್ ಬೇಕಿತ್ತು."

"ಈಗಲಾ?"

"ರೇಡಿಯೋ ಕೇಳ್ಲಿಲ್ವಾ? ರಾತ್ರಿ ಇಬ್ಬನಿ ಹೆಪ್ಪುಗಟ್ಟತ್ತಂತೆ. ಟೊಮೇಟೊ ಗಿಡಕ್ಕೆ ಹೊದಿಸದಿದ್ರೆ ಬೆಳಗಾಗೋದ್ರಲ್ಲಿ ಎಲ್ಲಾ ಕರಟಿಹೋಗತ್ತೆ."

ಆಗ ಎಲ್ಬರ್ಟನಿಗೆ ಅಷ್ಟು ಜನ ಬಂದದ್ದೇಕೆಂದು ಹೊಳೆಯಿತು. ತಂತಮ್ಮ ಹೊದಿಕೆಗೆಂದು ಬಂದವರು ಮರ್ಯಾದೆಗೆ ಕಟ್ಟುಬಿದ್ದು ಇಷ್ಟು ಹೊತ್ತು ಕಾದಿದ್ದರು, ಪಾಪ. ಅರ್ಮಾನ್ ಕಂಬಳಿ ಮಡಚಿದ್ದೇ ತಡ, ಅಲಾಸ್ಕಾ ಎದ್ದಿತು. ದ್ವೀಪಗಳು ಒಂದೊಂದಾಗಿ ಹೆಗಲೇರಿದವು. "ಪ್ರಶಾಂತ ಸಾಗರ ತುಳೀಬೇಡ್ರೀ!" ಎಂದು ಕೂಗುತ್ತ, ಬಿಡದೆ, ಎಲ್ಬರ್ಟ್ ಭಾಷಣವನ್ನು ಕೊನೆಯ ಸಾಲಿನವರೆಗೂ ಹೇಳಿ ಮುಗಿಸಿದ. ಅಷ್ಟರಲ್ಲಿ ದೇಶ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಪೂರ್ವದ ಗೋಡೆಯ ಬುಡದಲ್ಲಿ ಮುದುಡಿತ್ತು.

ಲೂಯಿಸಿಯಾನಾವನ್ನು ತೋಳಿಗೆ ಸುತ್ತಿಕೊಂಡ ಹೆಸ್ಟರ್ ಮೆಲ್ಲಗೆ ಅಂದರು: "ಹಲ್ಲಿನ ಡಾಕ್ಟರಿಗೆ ಹೇಳಿಬಿಡ್ತೀನಿ, ಎಲ್ಬರ್ಟ್."

"ಯಾರೂ ತೂಕಡಿಸಲಿಲ್ಲವಲ್ಲ!"

"ಯಾರೂ ಉಳೀಲೂ ಇಲ್ವಲ್ಲಪ್ಪ."

ಖಾಲಿ ಕೋಣೆಯಲ್ಲಿ ಎಲ್ಬರ್ಟ್ ಹದಿಮೂರು ರಾಜ್ಯಗಳ ಮೇಲೆ ಕಾಲು ಚಾಚಿ ಕುಳಿತ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಹಾಕಿಕೊಂಡಿರಲಿಲ್ಲ. ಬಾಗಿಲು ಕಿರ್ರೆಂದಿತು. ಟೊಮೇಟೊ ಗಿಡಕ್ಕೆ ಹೊದಿಸಿ ಮುಗಿಸಿದ ಅರ್ಮಾನ್ ಮಣ್ಣುಗೈಯಲ್ಲೇ ಒಳಗೆ ಬಂದ. ಬೂಟು ಕಳಚಿ, ಕೌದಿಯ ಅಂಚಿನಲ್ಲಿ ಕುಳಿತು, ಮುಚ್ಚಿ ತಂದಿದ್ದ ತಟ್ಟೆಯನ್ನು ಮೆಲ್ಲನೆ ಅವನ ಮುಂದೆ ಸರಿಸಿದ. ಬಿಸಿ ಹುರುಳಿಕಾಯಿ ಬೀಜದ ಪಲ್ಯ, ಎರಡು ತುಂಡು ಕಂದು ಬ್ರೆಡ್ಡು.