ಕೊಡೆ ಹಿಡಿದ ಮಾಮನೂ ಮೊದಲನೆಯ ವೆಬ್‌ಸೈಟೂ

ಇಂಟರ್ನೆಟ್ಟನ್ನು ಕೊಡೆ ಹಿಡಿದು, ಕಾಲ್ನಡಿಗೆಯಲ್ಲಿ ತಪಾಸಣೆ ಮಾಡಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬನಿದ್ದಾನೆ. ಅವನು ನನ್ನ ಸೋದರಮಾವ! ನಂಬಿಕೆ ಬರದಿದ್ದರೆ ತ್ರಿಪ್ಲಿಕೇನಿಗೆ ಬನ್ನಿ. ಕಂಕುಳಲ್ಲಿ ಕಪ್ಪು ಕೊಡೆ, ಜೇಬಿನಲ್ಲಿ ಉದ್ದನೆಯ ನೋಟ್‌ಬುಕ್ಕು ಇಟ್ಟುಕೊಂಡು ಯಾರಾದರೂ ಲಾಡ್ಜಿನ ಮೆಟ್ಟಿಲು ಎಣಿಸುತ್ತಿದ್ದರೆ ಅವನೇ ನನ್ನ ಮಾಮ. ಕೊಡೆ ಬಿಸಿಲಿಗೆ ಅಂದುಕೊಳ್ಳಬೇಡಿ. "ಕೊಡೆ ಇದ್ರೆ ಮ್ಯಾನೇಜರ್ ಎದ್ದು ನಿಂತ್ಕೋತಾನೆ ಮಾ, ಇನ್‌ಸ್ಪೆಕ್ಷನ್ ಅಂದ್ಕೊಂಡು" ಎಂದು ಅವನೇ ಗುಟ್ಟು ಹೇಳಿದ್ದಾನೆ.

ಕೆಲಸದಲ್ಲಿದ್ದಾಗ ಮಾಮ ನಿಜವಾಗಿಯೂ ಇನ್‌ಸ್ಪೆಕ್ಟರೇ. ತೂಕ ಮತ್ತು ಅಳತೆಯ ಇಲಾಖೆ. ಅಂಗಡಿ ಅಂಗಡಿ ಹತ್ತಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದ ಕೈ, ರಿಟೈರಾದ ಮಾತ್ರಕ್ಕೆ ಸುಮ್ಮನಿರುತ್ತದೆಯೇ? ಮಾಮಿ ಮೈಸೂರುಪಾಕಿನ ಎರಡು ತುಂಡು ಕೊಟ್ಟರೆ ಅಂಗೈಯಲ್ಲೇ ತೂಗಿ, "ಎಡಗಡೇದು ಕಮ್ಮಿ ಇದೆ" ಎನ್ನುತ್ತಾನೆ. ಮಾಮಿ ಎರಡನ್ನೂ ಡಬ್ಬಿಗೆ ವಾಪಸು ಹಾಕುತ್ತಾಳೆ!

ಇಂಥವನಿಗೆ ನಾನು ನನ್ನ ಕೆಲಸ ಏನೆಂದು ವಿವರಿಸಿದ್ದೇ ತಪ್ಪಾಯಿತು.

ನಾನು ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಗಿಂಡಿಯ ಆಫೀಸಿಗೆ ಹೋಗಿ ದಿನವಿಡೀ ಮಾಡುವುದು ಇಷ್ಟೇ. ಒಂದೇ ವಿಷಯದ ಮೇಲೆ ಹತ್ತು ವೆಬ್‌ಸೈಟು ಇರುತ್ತವೆ. ಜನ ಹುಡುಕಿದಾಗ ಯಾವುದು ಮೇಲೆ ಕಾಣುತ್ತದೆ, ಯಾವುದು ಕೆಳಗೆ, ಯಾಕೆ ಎಂದು ಲೆಕ್ಕ ಹಾಕುವುದು. ಒಂದೊಂದು ವೆಬ್‌ಸೈಟಿಗೂ ಎಷ್ಟು ಘನತೆ ಇದೆಯೆಂದು ನೂರಕ್ಕೆ ಇಷ್ಟು ಅಂಕ ಅಂತ ಹೇಳುವ ಸಾಧನಗಳಿವೆ.

"ಒಳಗೆ ಬರೆದಿರೋದು ನಿಜವಾ ಅಂತ ನೋಡಿ ಅಂಕ ಕೊಡ್ತೀರಾ?" ಊಟಕ್ಕೆ ಕೂತಿದ್ದ ಮಾಮ ಕೇಳಿದ.

"ಇಲ್ಲ ಮಾಮಾ. ಬೇರೆ ಎಷ್ಟು ವೆಬ್‌ಸೈಟು ಲಿಂಕ್ ಕೊಟ್ಟು ಇದನ್ನ ತೋರಿಸ್ತಾವೆ, ತೋರಿಸೋರು ಎಷ್ಟು ದೊಡ್ಡೋರು ಅಂತ ನೋಡಿ."

ಮಾಮ ಅನ್ನ ಕಲಸುವುದನ್ನು ನಿಲ್ಲಿಸಿದ. "ತಕ್ಕಡೀಲಿ ಕಲ್ಲಿಟ್ಟು ನೋಡದೆ, ಪಕ್ಕದ ಅಂಗಡಿಯೋನು ಒಳ್ಳೇವನು ಅಂದ ಅಂತ ಮುದ್ರೆ ಹಾಕೋದಾ? ಅಯ್ಯಯ್ಯೋ, ಅನ್ಯಾಯ ಮಾ ಇದು!"

ಮಾಮನಿಗೆ ಈ ವಿಷಯದಲ್ಲಿ ಸ್ವಂತ ಸಂಕಟವೂ ಇತ್ತು. ಅವನ ಮನೆಯ ಸುತ್ತಮುತ್ತ ಲಾಡ್ಜುಗಳು. ಚಿಕಿತ್ಸೆಗೆಂದು ಕರ್ನಾಟಕದಿಂದ ಬಂದವರು ಎಕ್ಸ್-ರೇ ಕವರು ಹಿಡಿದು, ತಮಿಳು ಬಾರದೆ ದಾರಿ ಕೇಳುತ್ತಾ ಅಲೆಯುತ್ತಿರುತ್ತಾರೆ. ಎಲ್ಲಾದರೂ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಮಾಮ ಅಲ್ಲೇ ಹಾಜರು. ಎಲ್ಲಿ ಉಳಿಯಬೇಕು, ಎಲ್ಲಿ ಖಾರ ಕಡಿಮೆ, ನೋವು ಚುಚ್ಚುತ್ತಿದೆಯೋ ಉರಿಯುತ್ತಿದೆಯೋ ಎಂಬುದನ್ನು ತಮಿಳಿನಲ್ಲಿ ಹೇಗೆ ಹೇಳಬೇಕು, ಎಲ್ಲವನ್ನೂ ಹೇಳಿಕೊಟ್ಟು ಕಳಿಸುತ್ತಾನೆ. ಅವನ ನೋಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ಟೈಪು ಮಾಡಿ ನಾನೇ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದೆ.

"ಸೆರಿ, ನನ್ನದಕ್ಕೆ ಎಷ್ಟು ಅಂಕ? ನೋಡು."

ನೋಡಿದೆ. "ಎರಡು."

"ಹತ್ತಕ್ಕಾ?"

"ನೂರಕ್ಕೆ ಮಾಮಾ."

ಅಡುಗೆಮನೆಯಿಂದ ಮಾಮಿಯ ದನಿ ಬಂತು. "ಸ್ಕೂಲಲ್ಲಿ ಹಿಂದೀಲಿ ಎಷ್ಟು ಬಂದಿತ್ತು ಕೇಳು. ಅದಕ್ಕಿಂತ ಒಂದು ಜಾಸ್ತೀನೇ ಬಂದಿದೆ!"

"ಇದೇ ವಿಷಯ ಹುಡುಕಿದ್ರೆ ಮೊದಲನೇ ಜಾಗದಲ್ಲಿ ಯಾರಿದಾರೆ?" ಎಂದ ಮಾಮ, ಮಾಮಿಯ ಮಾತು ಕೇಳಿಸದವನಂತೆ.

ನನಗೆ ಕೆಮ್ಮು ಬಂತು. ಯಾಕೆಂದರೆ ಅಲ್ಲಿದ್ದದ್ದು ನಮ್ಮ ಆಫೀಸಿನ ಗಿರಾಕಿ. ಆರನೆಯ ಸ್ಥಾನದಲ್ಲಿದ್ದ ಆ ವೆಬ್‌ಸೈಟನ್ನು ತಳ್ಳಿ ತಳ್ಳಿ ಮೇಲಕ್ಕೆ ಏರಿಸಿದ ಪುಣ್ಯಾತ್ಮಳು ನಾನೇ! ನೀರು ಕುಡಿದು, ವೆಬ್‌ಸೈಟಿನ ಹೆಸರು ಹೇಳಿ, ಉಳಿದದ್ದನ್ನು ನುಂಗಿಕೊಂಡೆ.

ಮರುದಿನವೇ ತಪಾಸಣೆ ಶುರು. ಆ ವೆಬ್‌ಸೈಟು ಒಂದು ಲಾಡ್ಜನ್ನು ಹೊಗಳಿ, "ಆಸ್ಪತ್ರೆಯಿಂದ ಐದೇ ನಿಮಿಷದ ನಡಿಗೆ" ಎಂದಿತ್ತು. ಯಾರ ನಡಿಗೆ? ಮಾಮನ ಪ್ರಶ್ನೆ ನ್ಯಾಯವಾದದ್ದೇ. ರೋಗಿಯ ನಡಿಗೆಯಲ್ಲಿ ಅಳೆಯಬೇಕೆಂದು, ಆಪರೇಷನ್ ಆದವನ ಹಾಗೆ ಹೊಟ್ಟೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು ವಾಚು ನೋಡುತ್ತಾ ಲಾಡ್ಜಿನಿಂದ ಹೊರಟ. ಹತ್ತು ನಿಮಿಷವಾದರೂ ಅರ್ಧ ದಾರಿ ಆಗಿರಲಿಲ್ಲ. ಅಷ್ಟರಲ್ಲಿ ಇಬ್ಬರು ದಾರಿಹೋಕರು "ಐಯೋ ಪಾವಂ, ಪೆರಿಯವರು" ಎಂದು ಮುದುಕನಿಗಾಗಿ ಮರುಗಿ, ಅವನು ಬೇಡ ಬೇಡವೆಂದರೂ ಕೇಳದೆ ಆಟೋಗೆ ಹತ್ತಿಸಿ ನೇರ ಕ್ಯಾಷುಯಲ್ಟಿಗೆ ಸೇರಿಸಿಬಿಟ್ಟರು!

ನರ್ಸು ಮನೆಗೆ ಫೋನ್ ಮಾಡಿದಳಂತೆ. ಮಾಮಿ ತಣ್ಣಗೆ ಉತ್ತರಿಸಿದ್ದಾಳೆ. "ಅವರಿಗೆ ಏನೂ ಆಗಿಲ್ಲ ಮಾ. ಒಂದು ವೆಬ್‌ಸೈಟು ಸರಿಯಾಗಿದೆಯಾ ಅಂತ ನೋಡೋಕೆ ನಡ್ಕೊಂಡು ಹೋಗಿದಾರೆ."

ನರ್ಸಿಗೆ ನಿಜವಾದ ಗಾಬರಿ ಆಗಿದ್ದು ಆಗ!

ಬಿಡುಗಡೆ ಪಡೆದವನೇ ಮಾಮ ಮತ್ತೆ ಲಾಡ್ಜಿಗೆ ಹೋದ. ವೆಬ್‌ಸೈಟಿನಲ್ಲಿ "ಲಿಫ್ಟ್ ಇದೆ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇತ್ತು ಕೂಡ. ಬಾಗಿಲು ತೆಗೆದರೆ ಒಳಗೆ ಬಕೆಟ್ಟು, ಪೊರಕೆ, ಮುರಿದ ಕುರ್ಚಿ. ಮ್ಯಾನೇಜರು ಬೇಸರಿಸದೆ ತಮಿಳಿನಲ್ಲಿ ಬುದ್ಧಿ ಹೇಳಿದನಂತೆ: "ಲಿಫ್ಟ್ ಇದೆ ಅಂತ ತಾನೆ ಸಾರ್ ಹಾಕಿರೋದು? ಮೇಲೆ ಹೋಗುತ್ತೆ ಅಂತ ಹಾಕಿದಾರಾ?"

ಮಾಮ ಇದನ್ನೆಲ್ಲ ತನ್ನ ವೆಬ್‌ಸೈಟಿನಲ್ಲಿ ಬರೆಸಿದ. ಬರೆದರೆ ಓದುವವರು ಬೇಕಲ್ಲ? ಅಂಕ ಎರಡರಲ್ಲೇ ಕೂತಿತ್ತು. ಈ ನಡುವೆ, ತಿಂಗಳೊಳಗೆ ಅಂಕವನ್ನು ನಲವತ್ತಕ್ಕೆ ಏರಿಸಿಕೊಡುತ್ತೇವೆ, ಇನ್ನೂರು ವೆಬ್‌ಸೈಟುಗಳಲ್ಲಿ ನಿಮ್ಮನ್ನು ತೋರಿಸುತ್ತೇವೆ ಎಂದು ಯಾರೋ ಅವನಿಗೆ ಮೇಲ್ ಕಳಿಸಿದ್ದರು.

"ಇನ್ನೂರು ಜನಕ್ಕೂ ನನ್ನ ಗುರುತಿದೆಯಾ?" ಮಾಮ ಕೇಳಿದ.

"ಇಲ್ಲ ಮಾಮಾ, ದುಡ್ಡು ತೊಗೊಂಡು ತೋರಿಸ್ತಾರೆ."

"ತಕ್ಕಡಿ ತಟ್ಟೆ ಕೆಳಗೆ ಹುಣಿಸೇಹಣ್ಣು ಅಂಟಿಸೋದು ಅನ್ನು! ಎಷ್ಟು ಜನರನ್ನ ಹಿಡಿದಿದೀನಿ ಗೊತ್ತಾ ನಾನು?"

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಅಂಟು ಏನಾದರೂ ಕಾಣುತ್ತದೆಯೋ ಎಂದು.

ಹೋದ ತಿಂಗಳು ಒಂದು ಶನಿವಾರ ಮಾಮಿ ಫೋನ್ ಮಾಡಿ, "ಇವರು ಇಬ್ಬರನ್ನ ಮನೆಗೇ ಕರ್ಕೊಂಡು ಬಂದ್ಬಿಟ್ಟಿದಾರೆ. ನೀನು ಬಾ, ಕೈಗೆ ಆಸರೆ ಆಗುತ್ತೆ" ಎಂದಳು. ಹೋಗಿ ನೋಡಿದರೆ ಹಾಲಿನಲ್ಲಿ ಹಾವೇರಿ ಕಡೆಯ ಗಂಡ ಹೆಂಡತಿ. ಗಂಡನಿಗೆ ಸೊಂಟದ ಕೀಲಿನ ಆಪರೇಷನ್ ಆಗಬೇಕು. ಅದೇ ಲಾಡ್ಜಿನ ಮೆಟ್ಟಿಲ ಮೇಲೆ, ಪೆಟ್ಟಿಗೆ ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದರಂತೆ.

"ಲಿಫ್ಟ್ ಐತಿ ಅಂತ ಬರದಿದ್ರು ನೋಡ್ರಿ," ಎಂದಳು ಆಕೆ, ಊಟಕ್ಕೆ ಕೂತಾಗ. "ಎಲ್ಲಕ್ಕಿಂತ ಮ್ಯಾಲ ಅದ ಇತ್ರಿ, ಮ್ಯಾಲಿದ್ದದ್ದು ಛಲೋ ಇರಬೇಕು ಅಂದ್ಕೊಂಡ್ವಿ. ರೂಮು ಮೂರನೇ ಮಾಳಿಗ್ಯಾಗ. ಹೊತ್ಕೊಂಡು ಹೋಗ್ತೀನಿ ಅಂದೆ, ನಮ್ಮನಿಯವ್ರು ಬ್ಯಾಡ ಅಂದ್ರು."

ನಾನು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದೆ. ಮಾಮಿ ಏನೂ ಕೇಳದೆ ಅವರ ಎಲೆಗೆ ಇನ್ನಷ್ಟು ಸಾರು ಬಡಿಸಿದಳು.

ಆಪರೇಷನ್ ದಿನ ನಾನು ರಜೆ ಹಾಕಿ ಆಸ್ಪತ್ರೆಗೆ ಹೋದೆ. ಹಿಂದಿನ ರಾತ್ರಿಯಿಡೀ ಗಂಡನ ಹತ್ತಿರ ಎದ್ದೇ ಇದ್ದ ಆಕೆ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರು ತಮಿಳಿನಲ್ಲಿ ಹೇಳಿದ್ದನ್ನೆಲ್ಲ ಮಾಮ ಒಂದೊಂದಾಗಿ ಆಕೆಗೆ ಹೇಳುತ್ತಿದ್ದ. "ಹೆದರಬೇಡಮ್ಮಾ" ಎಂದು ಡಾಕ್ಟರು ಒಂದು ಸಲ ಹೇಳಿದ್ದನ್ನು ಇವನು ಮೂರು ಸಲ ಹೇಳಿದ. ಮಾಮ ತೂಕ ತಪ್ಪಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗಂಡನನ್ನು ಒಳಗೆ ಕರೆದೊಯ್ದ ಮೇಲೆ ನಾನು ಮಾಮನನ್ನು ಕಿಟಕಿಯ ಕಡೆ ಕರೆದೆ.

"ಮಾಮಾ, ಆ ವೆಬ್‌ಸೈಟನ್ನ ಮೊದಲನೇ ಜಾಗಕ್ಕೆ ತಂದಿದ್ದು ನಾನೇ. ನಮ್ಮ ಆಫೀಸಿನ ಕೆಲಸ ಅದು. ಆಕೆಗೂ ಹೇಳಿಬಿಡ್ತೀನಿ, ತಪ್ಪಾಯ್ತು ಅಂತ."

ಮಾಮ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ.

"ನಿನ್ನ ಆಫೀಸಲ್ಲಿ ಹೇಳು. ಅಲ್ಲಿ ಕಂಡಿಪ್ಪಾ ಹೇಳು, ಹೇಳಲೇಬೇಕು," ಎಂದ. "ಆಕೆಗೆ ಇವತ್ತು ಬೇಡ ಮಾ. ಯಾರ ಮೇಲಾದ್ರೂ ಕೋಪ ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ? ಇವತ್ತು ಆಕೆ ಹತ್ರ ಅಷ್ಟು ಉಳಿದಿಲ್ಲ. ಹೋಗು, ಪಕ್ಕದಲ್ಲಿ ಕೂತ್ಕೋ. ನಾನು ಇಡ್ಲಿ ತರ್ತೀನಿ."

ಆಪರೇಷನ್ ಚೆನ್ನಾಗಿಯೇ ಆಯಿತು. ಸೋಮವಾರ ನಾನು ಆಫೀಸಿನಲ್ಲಿ ಜಗಳವಾಡಿ ಆ ಲಿಫ್ಟನ್ನೂ ಐದು ನಿಮಿಷವನ್ನೂ ವೆಬ್‌ಸೈಟಿನಿಂದ ತೆಗೆಸಿದೆ. ಅವೆಲ್ಲ ಆಮೇಲಿನ ಮಾತು. ಆಗ ಮಾತ್ರ ನಾನು ಹೋಗಿ ಆಕೆಯ ಪಕ್ಕದಲ್ಲಿ ಕೂತೆ. "ಬಂದ್ಯಾ ತಂಗಿ" ಎಂದು ಆಕೆ ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಆಕೆಯ ತಲೆ ನನ್ನ ಭುಜದ ಮೇಲೆ ವಾಲಿತು. ನಿದ್ದೆ ಬಂದುಬಿಟ್ಟಿತ್ತು. ಮಾಮ ಇಡ್ಲಿ ಪೊಟ್ಟಣ ಹಿಡಿದು ಬರುವ ತನಕ ನಾನು ಅಲುಗಾಡದೆ ಕೂತಿದ್ದೆ. ಬಂದವನು ಪೊಟ್ಟಣ ಬಿಚ್ಚಲಿಲ್ಲ. ಅದರ ಬಿಸಿ ಆರದಂತೆ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು, ಆಕೆ ಏಳುವವರೆಗೂ ಹಾಗೇ ನಿಂತಿದ್ದ.