ಬಿಜಲೀ ಘರ್ ಉಂಡ ಹೋಳಿಗೆ

"ಯಾರ ಅಡ್ಡ ಬರ್ರಿ, ಯಾರ ಬಿಡ್ರಿ, ಈ ಸಲಾ ನಾ ಹೋಗೇ ಹೋಗಾಕಿ!"

ಸಕ್ಕೂಬಾಯಿ ಲಟ್ಟಣಿಗೆಯನ್ನು ಮಣೆಗೆ ಕುಟ್ಟಿ ಹೀಗೆ ಸಾರಿದಾಗ ಒಲೆಯ ಪಕ್ಕ ಮಲಗಿದ್ದ ಬೆಕ್ಕು ಗಾಬರಿಯಾಗಿ ಎದ್ದುಹೋಯಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡ ಬಂಡೂರಾಯರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಅಲುಗುವುದು ಊಟಕ್ಕೆ ಮತ್ತು ಸಂಧ್ಯಾವಂದನೆಗೆ ಮಾತ್ರ ಎಂದು ಕಮಲಾಪುರದ ಎಲ್ಲರಿಗೂ ಗೊತ್ತು. ಆ ಎರಡರಲ್ಲಿ ಊಟಕ್ಕೆ ಸ್ವಲ್ಪ ಬೇಗ ಅಲುಗುತ್ತಾರೆ ಎಂಬುದೂ ಗೊತ್ತು.

"ಎಲ್ಲಿಗೆ?" ಎಂದರು ರಾಯರು.

"ಕಲಬುರ್ಗಿಗೆ! ಬಿಜಲೀ ಘರ್ ಬರ್ಲಿಕ್ಕತ್ತದ!"

ಬಿಜಲೀ ಘರ್ ಎಂದರೆ ಹೈದರಾಬಾದಿನ ನಾಲ್ಕು ಹುಡುಗರ ರಾಕ್ ಬ್ಯಾಂಡು. ಹೆಗಲವರೆಗೆ ಕೂದಲು, ಕರೆಂಟಿನ ಗಿಟಾರು, ಡ್ರಮ್ಮು. ಹಾಡುವುದು ಮಾತ್ರ ನಮ್ಮ ಸಂತೆಯಲ್ಲಿ ಕೇಳುವಂಥ ದಖನಿ ಉರ್ದುವಿನಲ್ಲಿ. ಅವರ ಕ್ಯಾಸೆಟ್ಟು ಪಕ್ಕದ ಮನೆಯ ಮೆಹಬೂಬಿಗೆ ಅವಳ ತಮ್ಮ ತಂದುಕೊಟ್ಟದ್ದು. ಮೆಹಬೂಬಿ ಹೊಲಿಗೆ ಮಷೀನು ತುಳಿಯುತ್ತ ಅದನ್ನು ಹಚ್ಚಿದರೆ ಗೋಡೆಯ ಈಚೆ ಸಕ್ಕೂಬಾಯಿಯ ರೊಟ್ಟಿ ತಾಳಕ್ಕೆ ಸರಿಯಾಗಿ ಬಡಿದುಕೊಳ್ಳುತ್ತಿದ್ದವು. ಮೊದಮೊದಲು "ಏನವಾ ಇದು, ಕಿವಿ ಹಾರಿಹೋಗ್ತಾವ" ಎಂದವಳು, ಆಮೇಲೆ ಗೋಡೆ ತಟ್ಟಿ "ಮೆಹಬೂಬಿ, ಸ್ವಲ್ಪ ದೊಡ್ಡದು ಮಾಡ" ಎನ್ನತೊಡಗಿದಳು. ಕೊನೆಗೆ ತನ್ನದೇ ಒಂದು ಕ್ಯಾಸೆಟ್ಟು, ತನ್ನದೇ ಒಂದು ಟೇಪು ತರಿಸಿಕೊಂಡಳು.

ಅದರಲ್ಲಿ ಒಂದು ಹಾಡಿತ್ತು. ಒಬ್ಬ ಹೆಂಗಸು ಶ್ಯಾವಿಗೆ ಒಣಹಾಕಲು ಮಾಳಿಗೆ ಹತ್ತುತ್ತಾಳೆ. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿರುತ್ತವೆ. ಅವನ್ನೇ ನೋಡುತ್ತ ನಿಂತು ಇಳಿಯುವುದನ್ನೇ ಮರೆಯುತ್ತಾಳೆ. ಅಷ್ಟೇ ಕಥೆ. ಮಾತು ಮುಗಿದ ಮೇಲೆ ಗಿಟಾರು ಒಂದೇ ಉಳಿಯುತ್ತದೆ. ಹಿತ್ತಲಲ್ಲಿ ಯಾರಿಗೂ ಕೇಳದ ಹಾಗೆ ಅತ್ತು ಮುಖ ತೊಳೆದುಕೊಂಡು ಬಂದವಳ ದನಿ ಅದಕ್ಕೆ. ಆ ಹಾಡು ಬಂದಾಗಲೆಲ್ಲ ಸಕ್ಕೂಬಾಯಿಯ ರೊಟ್ಟಿ ಹೆಂಚಿನ ಮೇಲೆ ಸೀದು ಹೋಗುತ್ತಿತ್ತು. ಮದುವೆಯಾದಾಗಿನಿಂದ ಅವಳು ಬಸ್ಸು ಹತ್ತಿದ್ದು ಬಾಣಂತನಕ್ಕೆ, ತೊಟ್ಟಿಲಿಗೆ, ಹದಿಮೂರನೇ ದಿನದ ಊಟಕ್ಕೆ. ತನಗೆ ಬೇಕು ಎಂದು ಒಂದು ಸಲವೂ ಹತ್ತಿದವಳಲ್ಲ.

"ಕ್ಯಾಸೆಟ್ ಅದಲ್ಲಾ ಮನ್ಯಾಗ?" ಎಂದರು ರಾಯರು. "ಅದೇ ಮಂದಿ, ಅದೇ ಗದ್ದಲ. ತಗಡಿನ ಮ್ಯಾಲೆ ಕಲ್ಲು ಸುರುವಿದಂಗ! ಅದನ್ನ ಕೇಳ್ಲಿಕ್ಕೆ ಮತ್ತ ಕಲಬುರ್ಗಿತನಕಾ ಹೋಗಬೇಕಾ?"

"ಕ್ಯಾಸೆಟ್‌ನ್ಯಾಗ ಕೇಳೋದ ಬ್ಯಾರೆ, ಎದುರಿಗೆ ಕೂತು ಕೇಳೋದ ಬ್ಯಾರೆ! ನಿಮಗದು ತಿಳಿಯೂದಿಲ್ಲ ಬಿಡ್ರಿ!"

ರಾಯರು ತಂಬಾಕು ತಿಕ್ಕುತ್ತ ಯೋಚಿಸಿದರು. "ಹೋಗು. ನಾ ಬ್ಯಾಡ ಅಂದೆನೇನು? ಹೋಳಿಗಿ ಮಾಡಿಟ್ಟು ಹೋಗು."

"ಒಬ್ಬರಿಗೆ ಎಷ್ಟ ಹೋಳಿಗಿ ಬೇಕ್ರಿ?"

"ನಾ ಒಬ್ಬನೇ ಉಣ್ಣಾಂವೇನು? ಬಾಗಿಲಿಗೆ ಯಾರರ ಬಂದ್ರ?"

ಇಲ್ಲಿ ಬಂಡೂರಾಯರ ಒಂದು ಗುಣ ಹೇಳಲೇಬೇಕು. ಅವರ ಮನೆತನದಲ್ಲಿ ಬಂದವರಿಗೆ ಆಗ್ರಹ ಮಾಡಿ ಬಡಿಸುವುದು ವಂಶದಿಂದ ಬಂದ ವ್ರತ. ಉಣ್ಣುವವನು "ಸಾಕು" ಎಂದರೆ ಅದು ರಾಯರ ಕಿವಿಗೆ "ಇನ್ನೆರಡು" ಎಂದು ಮುಟ್ಟುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ತುಪ್ಪ ಸುರಿಯುತ್ತಾರೆ. ಒಮ್ಮೆ ಜನಗಣತಿಗೆ ಬಂದ ಮಾಸ್ತರನೊಬ್ಬ ಈ ಮನೆಯಲ್ಲಿ ಉಂಡು, ಕಟ್ಟೆಯ ಮೇಲೆ ಒರಗಿ, ಮರುದಿನ ಎದ್ದು, ಬಾಗಿಲ ಮುಂದಿದ್ದ ರಾಯರನ್ನೇ "ಈ ಮನ್ಯಾಗ ಯಾರ್ಯಾರ ಇದ್ದೀರ್ರಿ?" ಎಂದು ಮೊದಲಿನಿಂದ ಕೇಳಿದ್ದ! ಬಡಿಸುವ ಕೀರ್ತಿ ರಾಯರದು. ಕಡಲೆಬೇಳೆ ರುಬ್ಬುವ ರಟ್ಟೆ ಮಾತ್ರ ಸಕ್ಕೂಬಾಯಿಯದು.

ಆ ದಿನ ನಸುಕಿನಲ್ಲೇ ಎದ್ದು ಮಡಿಯುಟ್ಟು ಅವಳು ಒಲೆ ಹೊತ್ತಿಸಿದಳು. ಸಿಟ್ಟಿನಲ್ಲಿ ಬೇಳೆ ಬೇಯಿಸಿದಳು, ಸಿಟ್ಟಿನಲ್ಲಿ ಹೂರಣ ರುಬ್ಬಿದಳು. 'ಮನಿ ಬಿಟ್ಟು ಮಜಾ ಮಾಡ್ಲಿಕ್ಕೆ ಹೋದ್ಲು' ಎಂದು ನಾಳೆ ಯಾರೂ ಆಡಿಕೊಳ್ಳಬಾರದು, ಅಂಥ ಹೋಳಿಗೆ ಆಗಬೇಕು! ಸಿಟ್ಟಿನ ಕೈಗೆ ಅಳತೆ ಎಲ್ಲಿಯದು? ಹೋಳಿಗೆಯ ಮೇಲೆ ಹೋಳಿಗೆ ಬಿದ್ದು ದೊಡ್ಡ ಬುಟ್ಟಿ ತುಂಬಿತು. ಅದರ ಪಕ್ಕದಲ್ಲಿ ಒಂದು ಬೋಗುಣಿ ಕಟ್ಟಿನ ಸಾರು, ಒಂದು ತಂಬಿಗೆ ತುಪ್ಪ, ಕಾಯಿಸಿದ ಹಾಲು, ಮೂಲೆಯಲ್ಲಿ ಊರಿನ ಕೆಂಪು ಬಾಳೆಹಣ್ಣಿನ ಗೊನೆ. ದಂಡು ಬಂದರೂ ಸಾಲುವಷ್ಟು!

ಹೊಸಿಲು ದಾಟುತ್ತ ತಿರುಗಿ ನಿಂತು ಅವಳು ತನ್ನ ಬಾಯಿಂದಲೇ ಅಪ್ಪಣೆ ಕೊಟ್ಟಳು: "ನೋಡ್ರಿ, ಒಂದೂ ಉಳೀಬಾರದು! ನಾ ಬರೂದ್ರಾಗ ಬುಟ್ಟಿ ಖಾಲಿ ಆಗಿರಬೇಕು!"

ಗಂಡ ಎಂಬ ಪ್ರಾಣಿ ಹೆಂಡತಿಯ ಮಾತನ್ನು ಆಯುಷ್ಯದಲ್ಲಿ ಒಂದೇ ಒಂದು ದಿನ ಚಾಚೂ ತಪ್ಪದೆ ಕೇಳುತ್ತದೆ. ಯಾವ ದಿನ ಎಂಬುದು ಮೊದಲೇ ತಿಳಿದಿದ್ದರೆ!

ಬಸ್ಸಿನಲ್ಲಿ ಮೆಹಬೂಬಿ ಬುರ್ಖಾಕ್ಕೆಲ್ಲ ಅತ್ತರು ಹಚ್ಚಿಕೊಂಡು ಕೂತಿದ್ದಳು. ಸಕ್ಕೂಬಾಯಿ ಮಗನ ಮುಂಜಿವೆಯಲ್ಲಿ ಉಟ್ಟಿದ್ದ ರೇಶಿಮೆ ಸೀರೆ ಉಟ್ಟಿದ್ದಳು. ಕಿಟಕಿಯಾಚೆ ಮಾಳಿಗೆಗಳು ಹಿಂದೆ ಓಡುತ್ತಿದ್ದವು. ಇವತ್ತು ಬಸ್ಸಿನಲ್ಲಿ ಇರುವವಳು ತಾನು!

"ಸಕ್ಕೂಬಾಯಿ, ನಮ್ಮ ಹಾಡು ಹಾಡ್ತಾರಲ್ಲಾ?" ಎಂದಳು ಮೆಹಬೂಬಿ.

"ಹಾಡಲಿಲ್ಲಂದ್ರ ಎದ್ದು ನಿಂತು ಕೇಳತೀನಿ. ನನಗೇನ್ ಅಂಜಿಕಿ?"

ಕಾರ್ಯಕ್ರಮ ಸೇಡಂ ರಸ್ತೆಯ ಒಂದು ಮದುವೆ ಹಾಲಿನಲ್ಲಿ. ಯಾವುದೋ ಯುವಕ ಮಂಡಳದ ವಾರ್ಷಿಕೋತ್ಸವ. ಸಂಜೆಗೆ ಅದೇ ಹಾಲಿನಲ್ಲಿ ಮದುವೆ ಇದ್ದದ್ದರಿಂದ ಬ್ಯಾಂಡು ಮಧ್ಯಾಹ್ನಕ್ಕೇ. ಒಳಗೆಲ್ಲ ಕಾಲೇಜು ಹುಡುಗರು. ಮುಂದಿನ ಸಾಲಿನಲ್ಲಿ ಕೂತವನೊಬ್ಬ ಇವರಿಬ್ಬರನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ಇಲ್ಲಿ ಕೀರ್ತನಾ ಇಲ್ರಿ" ಎಂದ.

"ನನಗ ಗೊತ್ತದಪ್ಪಾ. ನಿನಗ ಗೊತ್ತಿಲ್ಲೇನೋ ಅಂತ ಹೇಳಾಕ ಬಂದೀನಿ. ಏಳು, ಜಗಾ ಬಿಡು!"

ಹುಡುಗ ಎದ್ದ. ಇಬ್ಬರೂ ಕೂತರು. ವೇದಿಕೆಯ ಮೇಲೆ ಬ್ಯಾಂಡು ಇರಲಿಲ್ಲ. ಸನ್ಮಾನವಿತ್ತು.

ಮಂಡಳದ ಅಧ್ಯಕ್ಷರಿಗೆ ಶಾಲು, ಹಾರ, ಅವರ ನಾಲ್ಕು ಮಾತು. ಉಪಾಧ್ಯಕ್ಷರಿಗೆ ಶಾಲು, ಹಾರ, ಅವರ ನಲವತ್ತು ಮಾತು. ಕುರ್ಚಿ ಕೊಟ್ಟವರಿಗೆ, ನೀರಿನ ಟ್ಯಾಂಕರು ಕಳಿಸಿದವರಿಗೆ, ಬರಲಾರದವರ ಪರವಾಗಿ ಬಂದವರಿಗೆ! ನಡುನಡುವೆ ನಿರೂಪಕ ಮೈಕು ಹಿಡಿದು "ಕಲಾವಿದರು ಇನ್ನೇನು ಬಂದೇಬಿಟ್ಟರು!" ಎನ್ನುವನು. ಬಂದದ್ದು ಇನ್ನೊಂದು ಹಾರ. ಕೊನೆಗೆ ಶಾಲು ತೀರಿಹೋದವು. ಅಧ್ಯಕ್ಷರ ಹೆಗಲ ಮೇಲಿನದನ್ನೇ ಮೆಲ್ಲಗೆ ಎಳೆದು ಕೊನೆಯವನಿಗೆ ಹೊದಿಸಿದರು. ಅಧ್ಯಕ್ಷರು ಸಿಟ್ಟಾಗಿ ಇನ್ನೊಮ್ಮೆ ಭಾಷಣ ಮಾಡಿದರು.

"ಯಾ ಅಲ್ಲಾ," ಎಂದಳು ಮೆಹಬೂಬಿ. "ನಮಗೂ ಒಂದು ಶಾಲು ಹಾಕ್ತಾರೇನೋ ನೋಡು. ಕುಂತು ಕುಂತು ಸಾಕಾಗ್ಯಾದ."

ಅಷ್ಟರಲ್ಲಿ ನಿರೂಪಕನ ಕಿವಿಯಲ್ಲಿ ಒಬ್ಬ ಏನೋ ಉಸುರಿದ. ನಿರೂಪಕನ ಮುಖ ಇಳಿಯಿತು.

"ಬಂಧುಗಳೇ, ಹೈದರಾಬಾದಿನಿಂದ ಬರುತ್ತಿದ್ದ ಕಲಾವಿದರ ಗಾಡಿ ಹುಮನಾಬಾದ್ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಗಾಡಿ ರಿಪೇರಿ ಆಗಿದೆ. ಆದರೆ ಕಲಾವಿದರು ರಿಪೇರಿ ಆಗಿಲ್ಲ!"

ಕೂತವರೆಲ್ಲ ಕತ್ತು ಮುಂದೆ ಚಾಚಿದರು.

"ಮೆಕ್ಯಾನಿಕ್ಕು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದಾನೆ. ದಾರಿಯಲ್ಲಿ ಯಾರೋ ಮಹಾನುಭಾವರು ಅವರಿಗೆ ಹೋಳಿಗೆ ಊಟ ಹಾಕಿದ್ದಾರಂತೆ. ನಾಲ್ವರೂ ಮಲಗಿಬಿಟ್ಟಿದ್ದಾರೆ. ಡ್ರೈವರನೂ ಮಲಗಿದ್ದಾನೆ. ನೀರು ಹೊಡೆದರೂ ಏಳುತ್ತಿಲ್ಲವಂತೆ! ಹಾಲ್ ಬಿಟ್ಟುಕೊಡುವ ಹೊತ್ತಾದ್ದರಿಂದ ಕಾರ್ಯಕ್ರಮ ರದ್ದಾಗಿದೆ. ವಂದನಾರ್ಪಣೆ ಮಾತ್ರ ಇದೆ."

ಕುರ್ಚಿಗಳು ಉರುಳಿದವು. ಸೀಟಿ, ಕೂಗಾಟ! ಎಲ್ಲರಿಗಿಂತ ಎತ್ತರದ ದನಿ ಒಂದು ಎದ್ದಿತು. ಸಕ್ಕೂಬಾಯಿ ರೇಶಿಮೆ ಸೀರೆ ಎತ್ತಿ ಕಟ್ಟಿ ಕುರ್ಚಿಯ ಮೇಲೆ ನಿಂತಿದ್ದಳು.

"ಯಾವ ಹೊಟ್ಟಿಬಾಕ ಅವನು, ಹಾದೀಲೆ ಹೋಗಾವ್ರನ್ನ ಹಿಡಕೊಂಡು ಉಣಸಾಂವ! ಅವನ ಸೌಟು ಮುರೀಲಿ! ಅವನಿಗಿಂತಾ ಅಕಿ, ಆ ಮನಿ ಹೆಂಗಸು! ಇಂಥಾ ದಿನಾ ನೋಡಿ ಹೋಳಿಗಿ ಯಾಕ ಮಾಡಿದ್ಲು? ಅಕಿಗೆ ಮಾಡ್ಲಿಕ್ಕೆ ಬ್ಯಾರೆ ಬದುಕು ಇದ್ದಿದ್ದಿಲ್ಲಾ? ಬುದ್ಧಿಗೇಡಿ!"

ಜಾಗ ಬಿಟ್ಟಿದ್ದ ಹುಡುಗ ಚಪ್ಪಾಳೆ ತಟ್ಟಿದ. "ಬರೋಬ್ಬರಿ ಹೇಳಿದ್ರಿ ಅಜ್ಜಿ!"

ಮೆಹಬೂಬಿ ಮಾತ್ರ ತಟ್ಟಲಿಲ್ಲ. ಸೆರಗು ಹಿಡಿದು ಜಗ್ಗಿದಳು.

"ಸಕ್ಕೂಬಾಯಿ, ಕೆಳಗ ಇಳಿ. ಸ್ವಲ್ಪ ವಿಚಾರ ಮಾಡು. ಹುಮನಾಬಾದ್ ರಸ್ತಾ ಅಂದ್ರ ನಮ್ಮೂರ ರಸ್ತಾ. ಅಲ್ಲಿ ನೀರು ಹೊಡದ್ರೂ ಏಳಲಾರದಂಗ ಉಣಸಾವ್ರು ಎಷ್ಟು ಮಂದಿ ಅದಾರ?"

ಸಕ್ಕೂಬಾಯಿ ಕುರ್ಚಿಯ ಮೇಲೆ ನಿಂತೇ ಇದ್ದಳು. ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು. ಅವಳ ಕಣ್ಣ ಮುಂದೆ ಒಂದು ಬುಟ್ಟಿ ಬಂದು ನಿಂತಿತು.

ಇಬ್ಬರೂ ತಿರುಗಿ ಹೋಗುವ ಬಸ್ಸು ಹತ್ತಿದರು. ಮೆಹಬೂಬಿ, "ತುಪ್ಪಾ ಎಷ್ಟು ಇಟ್ಟಿದ್ದಿ?" ಎಂದು ಕೇಳಿದಳು. "ತಂಬಿಗಿ ತುಂಬ" ಎಂದಳು ಸಕ್ಕೂಬಾಯಿ. ಮೆಹಬೂಬಿ ನಿಟ್ಟುಸಿರು ಬಿಟ್ಟು ಕಿಟಕಿಯ ಕಡೆ ತಿರುಗಿದಳು. ದಾರಿಯಲ್ಲಿ ಹೈದರಾಬಾದ್ ನಂಬರಿನ ಗಾಡಿ ಎದುರಿಗೆ ಬರುತ್ತದೇನೋ ಎಂದು ಇಬ್ಬರೂ ನೋಡುತ್ತಿದ್ದರು. ಬರಲಿಲ್ಲ.

ಕಮಲಾಪುರದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮನೆಯ ಮುಂದೆ ಗಾಡಿಯ ಎಣ್ಣೆ ಸೋರಿದ ಕಲೆ ಇತ್ತು. ಅಂಗಳದಲ್ಲಿ ಎಂಜಲೆಲೆಗಳು ಬಿದ್ದಿದ್ದವು. ಗುಂಪುಗೂಡಿದ್ದ ಓಣಿಯ ಮಂದಿ ಚದುರುತ್ತಿದ್ದರು. ಎಲ್ಲರ ಮುಖದಲ್ಲೂ ಏನೋ ಪಡೆದವರ ಕಳೆ! ಕಟ್ಟೆಯ ಮೇಲೆ ಬಂಡೂರಾಯರು ಗೆದ್ದ ಅರಸನ ಹಾಗೆ ಕೂತಿದ್ದರು.

"ಬಂದ್ಯಾ? ಎಂಥಾ ಹುಡುಗೂರು ಬಂದಿದ್ರಂತಿ! ನೀ ಹೋಗಿ ಒಂದು ತಾಸೂ ಆಗಿದ್ದಿಲ್ಲ. ಗಾಡಿ ಕೆಟ್ಟದ, ನೀರು ಕೊಡ್ರಿ ಅಂದ್ರು. ಬರೇ ನೀರು ಹ್ಯಾಂಗ ಕೊಡೋದು? ಎಲಿ ಹಾಕಿದೆ. ಮೊದಲು ಬ್ಯಾಡ ಬ್ಯಾಡ, ಹೊತ್ತಾಗ್ತದ ಅಂದ್ರು. ನಾ ಬಿಡಾಂವೇನು? ತಿಂದ್ರು ನೋಡು, ತಿಂದ್ರು! ಅದರಾಗ ಒಬ್ಬಾಂವ ಅಳಲಿಕ್ಕೇ ಹತ್ತಿದ್ದ. ಬುಟ್ಟಿ ಖಾಲಿ! ನೀ ಹೇಳಿದ ಮಾತು ನಾ ಎಂದರ ಮೀರೀನೇನು?"

"ಅವರ ಹೆಸರು ಕೇಳಿದ್ರೇನು?"

"ಉಣ್ಣಾವರ ಹೆಸರು ಯಾರರ ಕೇಳ್ತಾರೇನ? ನಮ್ಮ ಮನಿ ರೀತಿ ನಿನಗ ತಿಳೀದೇನು?"

ಸಕ್ಕೂಬಾಯಿ ಹೊಸಿಲಿನ ಮೇಲೆ ಕೂತಳು.

"ಎದ್ದ ಮ್ಯಾಲೆ ಪಾಪ, ಎಲ್ಲೋ ಹೋಗಾವ್ರಿದ್ರಂತ, ಇನ್ನ ಹೋಗಿ ಉಪಯೋಗಿಲ್ಲ ಅಂದ್ರು. ಉಂಡ ಮನಿಗೆ ಏನರ ಕೊಡಬೇಕು ಅಂತ ಇಲ್ಲೇ ಅಂಗಳದಾಗ ಕೂತು ಬರೇ ಬಾಯಿಲೆ ಒಂದು ಹಾಡು ಹಾಡಿ, ಹೈದರಾಬಾದಿಗೇ ತಿರುಗಿ ಹೋದ್ರು."

"ಯಾವ ಹಾಡು?" ಕೇಳಬಾರದಿತ್ತು. ಕೇಳಿದಳು.

"ಅಕಿ ಯಾರೋ ಒಬ್ಬಾಕಿ, ಶ್ಯಾವಿಗಿ ಹಾಕ್ಲಿಕ್ಕೆ ಮಾಳಿಗಿ ಹತ್ತತಾಳ. ಬಸ್ಸು ನೋಡಿಕೋತ ನಿಂತುಬಿಡ್ತಾಳ." ರಾಯರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ನನ್ನ ಕಣ್ಣಾಗ ನೀರು ಬಂತು ಸಕ್ಕೂ. ಆ ಹೆಂಗಸಿಗೂ ಒಂದು ಆಸಿ ಇರ್ತದ ಅಂತ ಅಕಿ ಮನ್ಯಾಗ ಒಬ್ಬರಿಗರ ತಿಳೀಬಾರದೇನು? ಎಂಥಾ ಮಂದಿ ಇರ್ತಾರ! ಹಾಂ, ಒಳಗ ಎಂಜಲ ಭಾಂಡೆ ತಿಕ್ಕಲಾರದ ಹಂಗೇ ಬಿದ್ದಾವ. ಮೊದಲು ಒಂದು ಕಪ್ಪು ಚಹಾ ಮಾಡು."

ಸಕ್ಕೂಬಾಯಿ ಎದ್ದಳು. ಭಾಂಡೆಯ ಕಡೆಗೆ ಹೋಗಲಿಲ್ಲ, ಚಹಾದ ಡಬ್ಬಿಯ ಕಡೆಗೂ ಹೋಗಲಿಲ್ಲ. ಟೇಪು ತಂದು ಗಂಡನ ಮುಂದೆ ಕುಕ್ಕಿದಳು. ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಆ ಹಾಡಿಗೆ ತಂದು ಗುಂಡಿ ಒತ್ತಿದಳು. ಡ್ರಮ್ಮು ಗುಡುಗಿತು. ಗಿಟಾರು ಎದ್ದಿತು. ಗೋಡೆಯಾಚೆ ಮೆಹಬೂಬಿ ಉಸಿರು ಬಿಗಿಹಿಡಿದು ನಿಂತದ್ದು ಈಚೆಗೂ ತಿಳಿಯುವಂತಿತ್ತು.

ರಾಯರು ಎರಡು ಸಾಲು ಕೇಳಿ ಕಿವಿ ಮುಚ್ಚಿಕೊಂಡರು. "ಏ, ಬಂದ್ ಮಾಡು! ಮತ್ತ ಅದೇ ತಗಡು!"

"ಅವರೇ ಇವರು! ಇದೇ ಆ ಹಾಡು! ನೀವು ಉಣಿಸಿ ಮಲಗಿಸಿದ್ದು ಇವರನ್ನೇ!"

ಬಂಡೂರಾಯರು ಹೆಂಡತಿಯನ್ನು ಬಹಳ ಕನಿಕರದಿಂದ ನೋಡಿದರು. ತಂಬಾಕಿನ ಚೀಲ ಬಿಚ್ಚುತ್ತ, ಚಿಕ್ಕ ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳಿದರು:

"ಹುಚ್ಚಿ. ಕ್ಯಾಸೆಟ್‌ನ್ಯಾಗ ಕೇಳಿದಾಕಿ ನೀನು, ನಿನಗೇನು ತಿಳೀತದ? ಎದುರಿಗೆ ಕೂತು ಕೇಳಿದಾಂವ ನಾನು!"